ಎರಡನೆಯ ಹಾಡು ಯಾರು ಕಲಿಸಬೇಕು?

ಪ್ರತಿ ವರ್ಷ ಡಿಸೆಂಬರ್ 3ನೆಯ ತಾರೀಖು ನಮ್ಮ ಶಾಲೆಯಲ್ಲಿ ಒಂದು ಕಾರ್ಯಕ್ರಮ. ಅಂದು ವಿಶ್ವ ಅಂಗವಿಕಲರ ದಿನ. ವಿಶ್ವಸಂಸ್ಥೆ 1992ರಲ್ಲಿ ಗೊತ್ತು ಮಾಡಿದ ದಿನ. ವೇದಿಕೆಗೆ ಜಮಖಾನೆ ಹಾಸುತ್ತೇವೆ, ಮೈಕಿನವನನ್ನು ಕರೆಸುತ್ತೇವೆ, ಊರಿನ ಗಣ್ಯರಿಗೆಂದು ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸುತ್ತೇವೆ. ಭಾಷಣಗಳು ನಡೆದು ಅತಿಥಿಗಳು ಆಕಳಿಸಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ಕಣ್ಣು ಕಾಣದ ಒಬ್ಬ ಹುಡುಗಿಯನ್ನು ಕೈಹಿಡಿದು ಕರೆತಂದು ಮೈಕಿನ ಮುಂದೆ ನಿಲ್ಲಿಸುತ್ತಿದ್ದೆವು. ಅವಳು ಒಂದು ಪ್ರಾರ್ಥನೆ ಹಾಡುತ್ತಿದ್ದಳು. ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಯಾರಾದರೊಬ್ಬರು ಜೇಬಿನಿಂದ 500 ರೂಪಾಯಿಯ ನೋಟು ತೆಗೆದು ಅವಳ ಕೈಯಲ್ಲಿ ಇಡುತ್ತಿದ್ದರು. ಫೋಟೋ ಆಗುತ್ತಿತ್ತು. ನಾವೆಲ್ಲ ಧನ್ಯರಾಗಿ ಉಪ್ಪಿಟ್ಟು, ಶಿರಾ ತಿಂದು ಮನೆಗೆ ಹೋಗುತ್ತಿದ್ದೆವು.

ಆ ಹುಡುಗಿ ಐದನೆಯ ತರಗತಿಗೆ ನಮ್ಮಲ್ಲಿಗೆ ಬಂದವಳು. ಒಂಬತ್ತನೆಯ ತರಗತಿಯ ಡಿಸೆಂಬರಿನಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ನಾನೇ ಅವಳನ್ನು ವೇದಿಕೆಯಿಂದ ಇಳಿಸುತ್ತಿದ್ದೆ. ಮೆಟ್ಟಿಲ ಮೇಲೆ ನಿಂತು ಅವಳು ಕೇಳಿದಳು: “ಅಕ್ಕೋರ, ಎರಡನೇ ಹಾಡು ಯಾವಾಗ ಕಲಸ್ತೀರಿ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಐದು ವರ್ಷ, ಐದು ಡಿಸೆಂಬರ್, ಅದೇ ಪ್ರಾರ್ಥನೆ. ಅದನ್ನೂ ನಾವು ಕಲಿಸಿದ್ದಲ್ಲ, ಅವಳ ಅಜ್ಜಿ ಕಲಿಸಿದ್ದು. ಐದು ವರ್ಷ ನಾವು ಮಾಡಿದ್ದು ಚಪ್ಪಾಳೆ ತಟ್ಟುವ ಕೆಲಸ ಮಾತ್ರ.

“ಚಲೋ ಹಾಡ್ತೀಯಲ್ಲವಾ” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಎಲ್ಲಾರೂ ಚಲೋ ಹಾಡಿದಿ ಅಂತಾರ್ರೀ. ತಪ್ಪು ಯಾರೂ ಹೇಳಂಗಿಲ್ಲ” ಎಂದಳು.

ಈ ಲೇಖನ ಬರೆಯಲು ಕಾರಣ ಆ ಮಾತು. ಮೂವತ್ತು ವರ್ಷದ ಹತ್ತಿರ ಹತ್ತಿರ ಕನ್ನಡ, ಸಮಾಜ ವಿಜ್ಞಾನ ಕಲಿಸಿದವಳು ನಾನು. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಯಲ್ಲಿ ಮಧ್ಯಮಾ ತನಕ ಪಾಸಾದವಳು. ಮನೆಯಲ್ಲಿ ಹಾರ್ಮೋನಿಯಂ ಇದೆ. ಅಂದರೆ ಕಲಿಸಲು ಬಾರದವಳಲ್ಲ. ಕಲಿಸಬೇಕೆಂದು ಹೊಳೆಯದವಳು. ಇದು ಬಾರದಿರುವುದಕ್ಕಿಂತ ದೊಡ್ಡ ತಪ್ಪು ಎಂದು ಈಗ ತಿಳಿದಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗವಿಕಲ ಮಕ್ಕಳಿಗೂ, ದಾರಿ ತಪ್ಪುತ್ತಿದ್ದಾರೆ ಎಂದು ನಾವು ಹೆಸರಿಟ್ಟ ಹುಡುಗರಿಗೂ ಸಂಗೀತ, ಚಿತ್ರಕಲೆಯನ್ನು ನಾವು ತೋರಿಸಲು ಬಳಸುತ್ತೇವೆ, ಕಲಿಸುವುದಿಲ್ಲ. ತಪ್ಪು ತಿದ್ದಿ, ಬೈದು, ಮತ್ತೆ ಹೇಳಿಸಿ ಕಲಿಸುವುದೇ ಗುರು ಶಿಷ್ಯನಿಗೆ ಕೊಡುವ ಮರ್ಯಾದೆ. ಆ ಮರ್ಯಾದೆಯನ್ನು ನಾವು ಇವರಿಗೆ ಕೊಟ್ಟಿಲ್ಲ. ಅದರ ಬದಲು ಕರುಣೆ ಕೊಟ್ಟಿದ್ದೇವೆ. ಕರುಣೆಗೆ ಖರ್ಚು ಕಡಿಮೆ.

ಹೆಸರುಗಳನ್ನು ಬದಲಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ‘ಅಂಗವಿಕಲರು’ ಎನ್ನುತ್ತಿದ್ದರು. ಆಮೇಲೆ ‘ವಿಕಲಚೇತನರು’ ಆದರು, ಅನಂತರ ‘ವಿಶೇಷಚೇತನರು’. ಬ್ಯಾನರುಗಳನ್ನು ಹೊಸದಾಗಿ ಬರೆಸಿದೆವು. ವೇಳಾಪಟ್ಟಿ ಮಾತ್ರ ಹಳೆಯದೇ. ಶುಕ್ರವಾರದ ಕೊನೆಯ ಪೀರಿಯಡ್ಡು ‘ಚಿತ್ರಕಲೆ/ಸಂಗೀತ’ ಎಂದು ಗೋಡೆಯ ಮೇಲಿರುತ್ತದೆ; ಆ ಹೊತ್ತಿಗೆ ಗಣಿತದ ಮಾಸ್ತರರು ಸೀಮೆಸುಣ್ಣ ಹಿಡಿದು ಒಳಗೆ ಬರುತ್ತಾರೆ. ನಾನೂ ಎಷ್ಟೋ ಸಲ ಸಮಾಜ ವಿಜ್ಞಾನದ ಉಳಿದ ಪಾಠಕ್ಕೆ ಅದೇ ಪೀರಿಯಡ್ಡನ್ನು ಕಸಿದುಕೊಂಡಿದ್ದೇನೆ. ಯಾರೂ ಕೇಳಲಿಲ್ಲ, ಯಾಕೆಂದರೆ ಅದು ಯಾರದೂ ಅಲ್ಲದ ಹೊಲ.

ಕಾನೂನು ಇಲ್ಲವೆ ಎಂದರೆ, ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. 6ರಿಂದ 8ನೆಯ ತರಗತಿಯ ಶಾಲೆಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಹಿಂದಿನ 1995ರ ಕಾಯ್ದೆ 7 ಬಗೆಯ ವೈಕಲ್ಯವನ್ನು ಹೆಸರಿಸಿದ್ದರೆ ಇದು 21 ಬಗೆಯನ್ನು ಹೆಸರಿಸಿದೆ. ಅದರ 29ನೆಯ ಕಲಮು ಸಾಂಸ್ಕೃತಿಕ ಬದುಕಿಗಾಗಿಯೇ ಇದೆ. ನೃತ್ಯ, ಚಿತ್ರಕಲೆಯ ತರಗತಿಗಳಲ್ಲಿ ಇವರು ಪಾಲ್ಗೊಳ್ಳಲು ಅನುಕೂಲ ಮಾಡಿಕೊಡಬೇಕು, ಕಲೆಯ ಪಠ್ಯಕ್ರಮವನ್ನು ಇವರಿಗೂ ದಕ್ಕುವಂತೆ ಮರುರೂಪಿಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. ಎಲ್ಲ ಕಾಗದವೂ ನಮ್ಮ ಕಪಾಟಿನಲ್ಲಿದೆ. ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕಲೆ ಕಲಿಸುವವರಿಲ್ಲ.

ಇರಲಿ, ಕಲಿಸುವ ಮನಸ್ಸು ಮಾಡಿದವರೂ ಏನು ಮಾಡುತ್ತಾರೆ? ರೇಷನ್ ಅಂಗಡಿಯವನ ಹಾಗೆ ಹಂಚುತ್ತಾರೆ. ಕುರುಡರಿಗೆ ಸಂಗೀತ, ಕಿವುಡರಿಗೆ ಚಿತ್ರಕಲೆ, ಬುದ್ಧಿ ಬೆಳವಣಿಗೆ ನಿಧಾನವಾದವರಿಗೆ ಮೇಣದ ಬತ್ತಿ, ಪೋಲಿ ಹುಡುಗರಿಗೆ ಡ್ರಿಲ್ಲು. ನಿನಗೇನು ಬೇಕು ಎಂದು ಮಗುವನ್ನು ಕೇಳಿದವರನ್ನು ನಾನು ಕಂಡಿಲ್ಲ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರ ಕಥೆ ಎಲ್ಲ ಬಿ.ಎಡ್. ಕಾಲೇಜುಗಳಲ್ಲಿ ಹೇಳಬೇಕಾದದ್ದು. 1904ರಲ್ಲಿ ಹುಟ್ಟಿದ ಈ ಚಿತ್ರಕಾರರ ದೃಷ್ಟಿ ಚಿಕ್ಕಂದಿನಿಂದಲೇ ಮಂದ. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಅನಂತರ ಪೂರ್ತಿ ಹೋಯಿತು. ಕುರುಡರಾದ ಮೇಲೆ ಅವರು ಕೈ ತೊಳೆದುಕೊಂಡು ಕೂರಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಕಲಾಭವನದ ಗೋಡೆಗೆ ಟೈಲ್ಸಿನ ದೊಡ್ಡ ಭಿತ್ತಿಚಿತ್ರ ಮಾಡಿದರು. ಅವರ ಶಿಷ್ಯರೇ ಆದ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಇಂಥವರು ನಮ್ಮ ಶಾಲೆಗೆ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಕಣ್ಣು ಕಾಣುವುದಿಲ್ಲವಲ್ಲ ಎಂದು ಕಾಗದ ಕಸಿದುಕೊಂಡು ಹಾರ್ಮೋನಿಯಂ ಮುಂದೆ ಕೂರಿಸುತ್ತಿದ್ದೆವು.

ಇನ್ನೊಂದು ಮಾತು ಈಚೆಗೆ ಬಂದಿದೆ, ‘ಚಿಕಿತ್ಸೆ’. ಸಂಗೀತ ಚಿಕಿತ್ಸೆ, ಚಿತ್ರ ಚಿಕಿತ್ಸೆ. ಅದರಿಂದ ಸಮಾಧಾನ ಸಿಕ್ಕವರಿದ್ದಾರೆ, ಬೇಡವೆನ್ನುವುದಿಲ್ಲ. ಆದರೆ ಡಾಕ್ಟರರ ಮಗಳು ಹಾಡು ಕಲಿತರೆ ಅದು ವಿದ್ಯೆ, ಕುರುಡ ಹುಡುಗಿ ಹಾಡು ಕಲಿತರೆ ಅದು ಔಷಧ, ಇದು ಯಾವ ನ್ಯಾಯ? ನನ್ನ ಹುಡುಗಿ ರೋಗಿಯಲ್ಲ. ಅವಳಿಗೆ ಬೇಕಾದದ್ದು ಎರಡನೆಯ ಹಾಡು.

ನಾನು ಗದಗಿನಲ್ಲಿ ಹುಟ್ಟಿ ಬೆಳೆದವಳು. ಹಾಗಾಗಿ ನನಗಂತೂ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರಿಗೆ ವಿದ್ಯೆಯ ದಾರಿ ಮಾಡಿಕೊಟ್ಟರು. ಅವರು ತಾವು ಕಲಿತು ಸುಮ್ಮನಾಗಲಿಲ್ಲ. ಕುರುಡ ಮಕ್ಕಳನ್ನು, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಅನ್ನ ಹಾಕಿ, ಪಾಠ ಹೇಳಿ, ಖರ್ಚಿಗೆ ನಾಟಕ ಕಂಪನಿ ಕಟ್ಟಿ ನಡೆಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಕಣ್ಣಿಲ್ಲದವರೇ. ಅವರಿಗೆ 2010ರಲ್ಲಿ ಪದ್ಮಭೂಷಣ ಬಂತು. ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತವರಲ್ಲಿ ಕಣ್ಣಿದ್ದ ಬಸವರಾಜ ರಾಜಗುರುಗಳೂ ಇದ್ದರು. ಕಣ್ಣಿದ್ದವರೂ ಇಲ್ಲದವರೂ ಒಂದೇ ಗುರುವಿನ ಮುಂದೆ, ಒಂದೇ ಪಾಠಕ್ಕೆ. ಇಂದು ನಾವು ತರಬೇತಿಗಳಲ್ಲಿ ‘ಸಮನ್ವಯ ಶಿಕ್ಷಣ’ ಎಂದು ಹಲಗೆಯ ಮೇಲೆ ಬರೆದು ತೋರಿಸುವುದು ಅದನ್ನೇ.

ಚಿಕ್ಕವಳಿದ್ದಾಗ ಅಪ್ಪನ ಜೊತೆ ಆಶ್ರಮಕ್ಕೆ ಹೋದಾಗ ನಾನು ಕೇಳಿದ್ದು ಕಛೇರಿಯಲ್ಲ, ಪಾಠ. ಒಬ್ಬ ಹುಡುಗ ಒಂದೇ ಆಲಾಪದ ತುಣುಕನ್ನು ಹೇಳುತ್ತಲೇ ಇದ್ದ. ಒಳಗಿನಿಂದ ‘ಅಲ್ಲ, ಮತ್ತ ಹೇಳು’ ಎಂಬ ದನಿ ಬರುತ್ತಲೇ ಇತ್ತು. ಅಪ್ಪ ಪ್ರಸಾದ ಮುಗಿಸಿ ಬಂದರೂ ಆ ಹುಡುಗನ ತುಣುಕು ಮುಗಿದಿರಲಿಲ್ಲ. ಕಣ್ಣಿಲ್ಲದ ಕೂಸು, ಪಾಪ, ಬಿಟ್ಟುಬಿಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಹಾಗೆ ಕಲಿತವರು ನಮ್ಮ ಸೀಮೆಯ ಹಳ್ಳಿಗಳಲ್ಲಿ ಪುರಾಣ, ಪ್ರವಚನಗಳಿಗೆ ಹಾಡುತ್ತ, ತಬಲಾ ಹಾರ್ಮೋನಿಯಂ ಸಾಥಿ ಕೊಡುತ್ತ, ಶಾಲೆಗಳಲ್ಲಿ ಸಂಗೀತ ಕಲಿಸುತ್ತ ತಮ್ಮ ಅನ್ನ ತಾವು ಗಳಿಸಿದ್ದಾರೆ. 1995ರಲ್ಲಿ ಗವಾಯಿಗಳ ಜೀವನದ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಟಾಕೀಸಿನಲ್ಲಿ ನಾವೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಮರುದಿನ ಶಾಲೆಗೆ ಹೋಗಿ ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಉಳಿದ ಪಾಠ ಮುಗಿಸಿದೆವು. ನಮ್ಮ ಅಳು ಅಷ್ಟಕ್ಕೇ.

ಈಗ ಇನ್ನಿಬ್ಬರ ವಿಷಯ. ನಮ್ಮ ಎಂಟನೆಯ ತರಗತಿಯಲ್ಲಿ ಕಿವಿ ಕೇಳದ ಒಬ್ಬ ಹುಡುಗನಿದ್ದ. ಅದೇ ತರಗತಿಯಲ್ಲಿ ಇನ್ನೊಬ್ಬ, ಆಟೋದ ಬ್ಯಾಟರಿ ಕದ್ದು ಸಿಕ್ಕಿಬಿದ್ದವನು. ಗಾಡಿ ಅಂಗಡಿಯ ಹಿಂದೆ ಕೂತು ಪಂಕ್ಚರ್ ಸಲ್ಯೂಷನ್ ಮೂಸುತ್ತಾನೆ ಎಂಬ ಮಾತೂ ಇತ್ತು. 2015ರ ಬಾಲನ್ಯಾಯ ಕಾಯ್ದೆ ಇಂಥ ಮಗುವನ್ನು ಅಪರಾಧಿ ಎನ್ನುವುದಿಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಅಷ್ಟು ಉದ್ದ ಹೇಳಲು ಪುರುಸೊತ್ತಿಲ್ಲ. ‘ಕಳ್ಳ’ ಎಂದರೆ ಮುಗಿಯಿತು. “ಟಿ.ಸಿ. ಕೊಟ್ಟು ಕಳಸ್ರಿ. ಒಂದು ಕೊಳತ ಹಣ್ಣು ಬುಟ್ಟಿ ಎಲ್ಲಾ ಕೆಡಸ್ತೈತಿ” ಎಂದರು ಒಬ್ಬರು. ಬಹಳ ಜನ ತಲೆಯಾಡಿಸಿದರು.

ನನಗೆ ಗೊತ್ತಿದ್ದದ್ದು ಒಂದೇ. ಆ ಹುಡುಗ ಬೆಂಚು ಬಡಿಯುತ್ತಿದ್ದ. ದಿನವೂ ಬೈಸಿಕೊಳ್ಳುತ್ತಿದ್ದ. ಆದರೆ ಅವನ ಬಡಿತ ಎಂಟು ಮಾತ್ರೆಯದು, ಒಂದು ದಿನವೂ ಏಳಾಗಿದ್ದಿಲ್ಲ, ಒಂಬತ್ತಾಗಿದ್ದಿಲ್ಲ. ಅವನ ಮಾವ ಬೀರೇಶ್ವರ ಗುಡಿಯಲ್ಲಿ ಡೊಳ್ಳು ಬಾರಿಸುವವನೆಂದು ಆಮೇಲೆ ತಿಳಿಯಿತು. ಇನ್ನೊಂದನ್ನೂ ಗಮನಿಸಿದ್ದೆ: ಅವನು ಬಡಿಯುವಾಗ ಕಿವಿ ಕೇಳದ ಹುಡುಗ ಅದೇ ಬೆಂಚಿಗೆ ಅಂಗೈ ಒತ್ತಿ ಕೂರುತ್ತಿದ್ದ.

ಸ್ಕಾಟ್‌ಲೆಂಡಿನ ಎವೆಲಿನ್ ಗ್ಲೆನಿ ಎಂಬ ತಾಳವಾದ್ಯಗಾರ್ತಿಯ ಬಗ್ಗೆ ಓದಿದ್ದೆ. 12ರ ಹೊತ್ತಿಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋದವರು. ಬರಿಗಾಲಲ್ಲಿ ನಿಂತು ನೆಲದ ಕಂಪನ ಹಿಡಿದು ನುಡಿಸುತ್ತಾರೆ. ಆದರೆ ಅಷ್ಟು ದೂರ ಯಾಕೆ? ಡೊಳ್ಳು ಬಾರಿಸುವಾಗ ಪಕ್ಕದಲ್ಲಿ ನಿಂತವರ ಎದೆಯೇ ನಡುಗುತ್ತದೆ. ಅದಕ್ಕೆ ಕಿವಿಯೇ ಬೇಕೆಂದು ಯಾರು ಹೇಳಿದರು?

ಗುಡಿಯ ಹಿರಿಯರ ಹತ್ತಿರ ಹೋಗಿ ಡೊಳ್ಳು ಕೇಳಿದೆ. ಕೊಡುತ್ತೇವೆ, ಒಯ್ದು ತರುವವರು ಯಾರು ಎಂದರು. ನಾನು ಆ ಹುಡುಗನ ಹೆಸರು ಹೇಳಿದೆ. “ಅಕ್ಕೋರ, ಕಳ್ಳನ ಕೈಯಾಗ ದೇವರ ಡೊಳ್ಳು ಕೊಡ್ತೀರೇನ್ರೀ?” ಎಂದರು. ನಾನು ಜವಾಬ್ದಾರಿ ಎಂದೆ. ಹೇಳಿ ಬಂದಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ? ಡೊಳ್ಳು ಕಳೆದಿದ್ದರೆ ನನ್ನ ಮಾತು, ಆ ಹುಡುಗನ ಶಾಲೆ, ಎರಡೂ ಅಂದಿಗೇ ಮುಗಿಯುತ್ತಿದ್ದವು. ಹುಡುಗ ಪ್ರತಿ ಶುಕ್ರವಾರ ಡೊಳ್ಳು ಹೊತ್ತು ತಂದ, ಸಂಜೆ ಹೊತ್ತು ಒಯ್ದು ಗುಡಿಯ ಗೂಟಕ್ಕೆ ಹಾಕಿದ. ಒಂದು ವಾರವೂ ತಪ್ಪಲಿಲ್ಲ.

ಕಿವಿ ಕೇಳದವನಿಗೆ ಕಲಿಸಿದ್ದು ನಾನಲ್ಲ, ಅವನೇ. ಸಭಾಭವನದ ಮರದ ವೇದಿಕೆಯ ಮೇಲೆ ಇಬ್ಬರೂ ಚಪ್ಪಲಿ ಬಿಚ್ಚಿ ನಿಲ್ಲುತ್ತಿದ್ದರು. ಮೊದಲು ಇವನು ಬಾರಿಸುತ್ತಿದ್ದ, ಅವನು ಡೊಳ್ಳಿನ ಮೈಮೇಲೆ ಕೈಯಿಟ್ಟು ಹಿಡಿಯುತ್ತಿದ್ದ. ಆಮೇಲೆ ಅವನು ಬಾರಿಸಬೇಕು, ಇವನು ಹೆಗಲ ಮೇಲೆ ಬೆರಳಿನಿಂದ ಮಾತ್ರೆ ಎಣಿಸಬೇಕು. ತಪ್ಪಿದರೆ ಇವನು ಕೋಲು ಕಸಿದುಕೊಳ್ಳುತ್ತಿದ್ದ. ಒಮ್ಮೆ ಇಬ್ಬರಿಗೂ ಹೊಡೆದಾಟವೇ ಆಯಿತು. ನಾನು ಬಿಡಿಸಲಿಲ್ಲ, ಒಳಗೊಳಗೇ ಸಂತೋಷಪಟ್ಟೆ. ಆ ಕಿವುಡ ಹುಡುಗನ ಜೀವನದಲ್ಲಿ ‘ನೀನು ಮಾಡಿದ್ದು ತಪ್ಪು’ ಎಂದು ಜಗಳಾಡುವಷ್ಟು ಅವನನ್ನು ಲೆಕ್ಕಕ್ಕೆ ಇಟ್ಟುಕೊಂಡವನು ಅವನೊಬ್ಬನೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಡೊಳ್ಳು ಬಾರಿಸಿ ಕಳ್ಳ ಸಂತನಾದ ಎಂದು ಓದುಗರು ತಿಳಿಯಬಾರದು. ಕಲೆಯ ಪರವಾಗಿ ಮಾತಾಡುವವರು ಇಂಥ ಪವಾಡಗಳನ್ನು ಹೇಳಿ ಹೇಳಿಯೇ ಕಲೆಯನ್ನು ಕೆಡಿಸಿದ್ದಾರೆ. ಪವಾಡ ಆಗದಿದ್ದರೆ ಪೀರಿಯಡ್ಡು ತೆಗೆದುಹಾಕಲು ಅದೇ ನೆಪವಾಗುತ್ತದೆ. ಆ ಹುಡುಗ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲಾದ, ಮತ್ತೆ ಕಟ್ಟಿ ಪಾಸಾದ, ಈಗ ಟೈರು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮತ್ತೆ ಕದ್ದಿಲ್ಲವೆ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಶುಕ್ರವಾರಗಳಲ್ಲಿ ಅವನು ಕಳ್ಳನಾಗಿರಲಿಲ್ಲ, ಮಾಸ್ತರನಾಗಿದ್ದ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ನಮ್ಮ ರಾಜ್ಯದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿದರು. ಜೈಲಿನಲ್ಲಿರುವವರಿಗೆ ಮಾತು, ಹೆಜ್ಜೆ ತಿದ್ದಿ ಕಲಿಸಬಹುದಾದರೆ, ಜೈಲಿಗೆ ಹೋಗುವ ಮೊದಲೇ, ಎಂಟನೆಯ ತರಗತಿಯಲ್ಲಿಯೇ ಕಲಿಸಲು ನಮಗೇನು ಧಾಡಿ?

ನಮ್ಮ ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. “ಬಾಯಾರ, ಹತ್ತನೆತ್ತೆ ರಿಜಲ್ಟ್ ಬಿದ್ದರ ಮ್ಯಾಲಿನವರು ನನ್ನ ಕೇಳ್ತಾರ. ನಿಮ್ಮ ಡೊಳ್ಳಿನ್ನ ಯಾರೂ ಕೇಳಂಗಿಲ್ಲ” ಎಂದರು. ಅವರ ಮಾತು ನಿಜ. ನನ್ನ ತಕರಾರು ಇರುವುದೇ ಅಲ್ಲಿ: ಯಾಕೆ ಯಾರೂ ಕೇಳುವುದಿಲ್ಲ? ಪ್ರತಿಭಾ ಕಾರಂಜಿಗೆ ಎಷ್ಟು ಮಕ್ಕಳನ್ನು ಕಳಿಸಿದಿರಿ, ಎಷ್ಟು ಬಹುಮಾನ ಬಂತು ಎಂದು ಕೇಳುತ್ತಾರೆ. ಬಹುಮಾನ ಬರುವ ಮಗು ಹೇಗೂ ಮನೆಪಾಠಕ್ಕೆ ಹೋಗುತ್ತಿರುತ್ತದೆ. ಬಹುಮಾನ ಬಾರದ ಮಗುವಿಗೆ ಈ ವರ್ಷ ಏನು ಕಲಿಸಿದಿರಿ ಎಂದು ಒಂದು ಕಾಲಂ ಆ ಫಾರ್ಮಿನಲ್ಲಿ ಇದ್ದರೆ ಸಾಕಿತ್ತು.

‘ನಮಗೆ ತರಬೇತಿ ಇಲ್ಲ’ ಎನ್ನುವುದು ಇನ್ನೊಂದು ಮಾತು. ನಾನೂ ಇದನ್ನು ಐದು ವರ್ಷ ಹೇಳಿದವಳೇ. ಬ್ರೈಲ್ ಲಿಪಿ ಎಂದರೆ ನಮಗೆ ಅಕ್ಷರದ ಲಿಪಿ ಅಷ್ಟೆ. ಆದರೆ ಲೂಯಿ ಬ್ರೈಲ್ (1809-1852) ಸ್ವತಃ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. 1829ರಲ್ಲಿ ಅವನು ಹೊರತಂದ ಪುಸ್ತಕದ ಹೆಸರಿನಲ್ಲಿಯೇ ಮಾತಿನ ಜೊತೆ ಸಂಗೀತವೂ ಇದೆ. ಹುಟ್ಟುವಾಗಲೇ ಅದು ಹಾಡಿನ ಲಿಪಿಯೂ ಆಗಿತ್ತು. ನಮಗಂತೂ ಇನ್ನೂ ಸುಲಭ. ನಮ್ಮ ಸ್ವರಗಳೇ ಅಕ್ಷರಗಳು. ಸ, ರಿ, ಗ, ಮ ಎಂದು ಕನ್ನಡ ಬ್ರೈಲಿನಲ್ಲಿ ಚುಚ್ಚಿದರೆ ಆಯಿತು. ತಾಲೂಕಿನ ಸಂಪನ್ಮೂಲ ಶಿಕ್ಷಕರ ಹತ್ತಿರ ಎರಡು ಶನಿವಾರ ಕೂತು ಅಷ್ಟನ್ನು ಕಲಿತೆ. ಚಿತ್ರಕ್ಕೆ ಗೋಂದು ಮತ್ತು ದಪ್ಪ ದಾರ ಸಾಕು. ಗೆರೆಯ ಮೇಲೆ ದಾರ ಅಂಟಿಸಿದರೆ ಬೆರಳು ಓದುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎಲ್ಲ ಮಕ್ಕಳೂ ಎತ್ತು ಮಾಡುವಾಗ ಅವಳೂ ಮಾಡಿದಳು. ಡುಬ್ಬ ಹಿಂದಕ್ಕೆ ಹೋಗಿತ್ತು. ಹಳೆಯ ಅಭ್ಯಾಸದಂತೆ ‘ಚಲೋ ಆಗೇತಿ’ ಎನ್ನಲು ಬಾಯಿ ತೆರೆದವಳು ನುಂಗಿಕೊಂಡು, ‘ತಪ್ಪಾಗೇತಿ, ಮುರದು ಮಾಡು’ ಎಂದೆ. ಅವಳು ನಕ್ಕಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದೆ.

ಎರಡನೆಯ ಹಾಡಿನ ವಿಷಯ ಹೇಳಿ ಮುಗಿಸುತ್ತೇನೆ. ಅವಳ ಅಜ್ಜಿಯ ಪ್ರಾರ್ಥನೆ ಭೂಪ ರಾಗದಲ್ಲಿತ್ತು: ಸ, ರಿ, ಗ, ಪ, ದ, ಐದೇ ಸ್ವರ. ಅದರಲ್ಲಿ ಗ ತೆಗೆದು ಮ ಇಟ್ಟರೆ ದುರ್ಗಾ. ಶರೀಫರ ಒಂದು ತತ್ವಪದವನ್ನು ದುರ್ಗಾದಲ್ಲಿ ಕೂಡಿಸಿದೆ. ಒಂದೇ ಸ್ವರದ ಅಂತರವಲ್ಲ, ವಾರದಲ್ಲಿ ಬಂದೀತು ಎಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು. ಐದು ವರ್ಷ ಹಾಡಿದ ಗ ಅವಳ ಗಂಟಲಲ್ಲಿ ಮನೆ ಮಾಡಿಬಿಟ್ಟಿತ್ತು. ಪ ದಿಂದ ಇಳಿಯುವಾಗಲೆಲ್ಲ ಅಲ್ಲಿಗೇ ಹೋಗಿ ಕೂರುತ್ತಿತ್ತು. ‘ಅಲ್ಲ, ಮತ್ತ ಹೇಳು’ ಎಂದೆ. ಎಷ್ಟು ಸಲ ಎಂದೆನೋ ಲೆಕ್ಕವಿಲ್ಲ. ಒಮ್ಮೆ ಅತ್ತಳು. ಅವಳ ತಾಯಿ ಬಂದು, “ಆಕಿಗೆ ಯಾಕ ಇಷ್ಟು ತ್ರಾಸ ಕೊಡ್ತೀರಿ ಅಕ್ಕೋರ? ಮೊದಲಿನ ಹಾಡ ಛಂದ ಇತ್ತಲ್ರೀ” ಎಂದರು. ನಾನು ಹೇಳುವ ಮೊದಲೇ ಹುಡುಗಿ ತಾಯಿಯ ಸೆರಗು ಜಗ್ಗಿ, “ನೀ ಸುಮ್ನಿರವ್ವಾ” ಎಂದಳು.

ಮರುವರ್ಷ ಡಿಸೆಂಬರ್ 3ಕ್ಕೆ ಅವಳು ಶರೀಫರ ಪದ ಹಾಡಿದಳು. ಮೊದಲ ನುಡಿ ಚೆನ್ನಾಗಿ ಬಂತು. ಎರಡನೆಯ ನುಡಿಯಲ್ಲಿ ಇಳಿಯುವಾಗ ಗ ಬಂದುಬಿಟ್ಟಿತು. ಸಭೆಯಲ್ಲಿ ಅದು ಗೊತ್ತಾದದ್ದು ಇಬ್ಬರಿಗೆ ಮಾತ್ರ, ಅವಳಿಗೆ ಮತ್ತು ನನಗೆ. ಅವಳು ಅಲ್ಲಿಯೇ ನಿಲ್ಲಿಸಿದಳು. ಹಾಡು ಮುಗಿಯಿತೆಂದೋ, ಪಾಪ ಮರೆತಳೆಂದೋ, ಮುಂದಿನ ಸಾಲಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಹುಡುಗಿ ಕೈ ಎತ್ತಿ ಅವರನ್ನು ತಡೆದಳು. “ತಪ್ಪಾತ್ರೀ. ಮತ್ತ ಹಾಡ್ತೀನಿ” ಎಂದು ಮೈಕಿನಲ್ಲಿ ಹೇಳಿ, ಪ ದಿಂದ ಮ ಕ್ಕೆ ಇಳಿದು, ಪದ ಮುಗಿಸಿದಳು.

ಆ ವರ್ಷ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. 500ರ ನೋಟೂ ಬರಲಿಲ್ಲ. ತಪ್ಪು ತಿದ್ದಿಕೊಂಡು ಹಾಡಿದವಳಿಗೆ ಭಿಕ್ಷೆ ಕೊಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ.

ಇದನ್ನು ಓದುವವರಲ್ಲಿ ಎಷ್ಟೋ ಜನ ಮುಂದಿನ ಡಿಸೆಂಬರ್ 3ರಂದು ಯಾವುದಾದರೂ ಶಾಲೆಯ ವೇದಿಕೆಯ ಮೇಲೋ, ಮುಂದಿನ ಸಾಲಿನಲ್ಲೋ ಕೂರುವವರು. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಶಾಲು ಹೊದೆಸಿಕೊಳ್ಳುವ ಮೊದಲು ಆ ಶಾಲೆಯ ವೇಳಾಪಟ್ಟಿ ತೋರಿಸಲು ಹೇಳಿ; ಕಲೆಯ ಪೀರಿಯಡ್ಡಿನಲ್ಲಿ ಹೋದ ವಾರ ನಿಜವಾಗಿ ಏನು ನಡೆಯಿತೆಂದು ಕೇಳಿ. ಮಗು ಹಾಡಿದ ಮೇಲೆ ಚಪ್ಪಾಳೆ ತಟ್ಟಿ, ಬೇಡವೆನ್ನುವುದಿಲ್ಲ. ಆದರೆ ತಟ್ಟಿ ಮುಗಿದ ಮೇಲೆ ನಮ್ಮಂಥ ಶಿಕ್ಷಕರ ಕಡೆಗೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ ಒಂದು ಪ್ರಶ್ನೆ ಹಾಕಿ: ‘ಇದು ಹೋದ ವರ್ಷದ ಹಾಡೋ, ಈ ವರ್ಷದ್ದೋ?’